ಹೆಬ್ಬೆಟ್ಟಕ್ಕನ ಅಡ್ಡದಾರಿ

ಹೆಬ್ಬೆಟ್ಟು ಎಂದರೆ ಓದು ಬರಹ ಬಾರದವರು ಎಂಬುದು ಯಾರಿಗೆ ಗೊತ್ತಿಲ್ಲ? ಆದರೆ ಲಿಫ್ಟ್ ಕಂಪನಿಯ ದೂರು ಕೋಣೆಯಲ್ಲಿ ಹೆಬ್ಬೆಟ್ಟಕ್ಕ ಎಂದು ಕರೆಸಿಕೊಂಡವಳು ಬರೆಯುವುದನ್ನೇ ಹೊಟ್ಟೆಪಾಡು ಮಾಡಿಕೊಂಡವಳು. ಬೆಳಗ್ಗೆ ಕುರ್ಚಿಗೆ ಕೂತರೆ ಮಧ್ಯಾಹ್ನ ಪಾಳಿ ಬಿಡುವವರೆಗೆ ಅವಳ ಬೆರಳು ನಿಲ್ಲುತ್ತಿರಲಿಲ್ಲ. ಆ ಹೆಸರಿಟ್ಟವನು ಉದ್ದಣ್ಣ ಎಂಬ ಮೆಕ್ಯಾನಿಕ್. ಬಾಗಿಲಿಗೆ ತಲೆ ತಾಗಬಾರದೆಂದು ಬಗ್ಗಿಯೇ ಒಳಗೆ ಬರುವ ಆಸಾಮಿ. ಒಂದು ದಿನ ಅವಳ ಹಿಂದೆ ನಿಂತು ನೋಡಿದ. ಎಡಗೈ ಹೆಬ್ಬೆರಳು ಒಂದು ಕೀಲಿಯ ಮೇಲೆ ಕೂತು ಕೂತು ಏಳುತ್ತಿತ್ತು; ಒಂದೊಂದು ಸಲ ಕೂತಾಗಲೂ ಕಪ್ಪು ಪರದೆಯ ಮೇಲೆ ಇಡೀ ಸಾಲೇ ಬೀಳುತ್ತಿತ್ತು.

"ಅಕ್ಕಾ, ಎಲ್ರೂ ಹೆಬ್ಬೆಟ್ಟು ಒತ್ತಿ ಆಸ್ತಿ ಕಳ್ಕೊಂಡ್ರು. ನೀನೊಬ್ಳು ಹೆಬ್ಬೆಟ್ಟು ಒತ್ತಿ ಸಂಬಳ ತಗೋತಿದ್ದೀಯ," ಎಂದ.

ಕೋಣೆಯಲ್ಲಿದ್ದವರು ನಕ್ಕರು. ಅವಳೂ ನಕ್ಕಳು. ಅಂದಿನಿಂದ ಅವಳ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿಯಿತು.

ಹೆಬ್ಬೆರಳಿಗೆ ಅಷ್ಟು ಕೆಲಸ ಬಿದ್ದದ್ದು ಕಿರುಬೆರಳಿನಿಂದ. ಚಿಕ್ಕವಳಿದ್ದಾಗ ಕಬ್ಬಿಣದ ಟ್ರಂಕಿನ ಮುಚ್ಚಳ ಎಡಗೈ ಕಿರುಬೆರಳಿನ ಮೇಲೆ ಬಿದ್ದಿತ್ತು. ಮೂಳೆ ಕೂಡಿಕೊಂಡಿತು, ಆದರೆ ನೆಟ್ಟಗೆ ಕೂಡಿಕೊಂಡಿತು. ಮಡಚು ಎಂದರೆ ಮಡಚದು. ತಾಯಿ ಆ ಬೆರಳನ್ನು ಹಿಡಿದು ನೋಡಿ, "ಹೋಗ್ಲಿ ಬಿಡು, ಉಂಗುರದ ಬೆರಳು ಉಳೀತಲ್ಲ," ಎಂದು ಸಮಾಧಾನ ಮಾಡಿಕೊಂಡಳಂತೆ. ದೊಡ್ಡವಳಾಗಿ ಟೈಪಿಂಗ್ ಶಾಲೆಗೆ ಸೇರಲು ಹೋದಾಗ ಅಲ್ಲಿನ ಮಾಸ್ತರು, "ಇದು ಹತ್ತು ಬೆರಳಿನ ವಿದ್ಯೆ ಕಣಮ್ಮ," ಎಂದರು. "ಒಂಬತ್ತಕ್ಕೆ ಎಷ್ಟು ಬರುತ್ತೋ ಅಷ್ಟೇ ಕಲಿಸಿ ಸಾರ್," ಎಂದಳು. ಕಲಿತಳು. ಮದುವೆಯಾಗಿ ಬಂದ ಮೇಲೆ ಗಂಡನ ಗಡಿಯಾರ ರಿಪೇರಿಯ ಅಂಗಡಿಗೆ ಗಿರಾಕಿಗಳು ಬರುವುದು ನಿಂತಾಗ, ಮನೆ ನಡೆದದ್ದು ಆ ಒಂಬತ್ತು ಬೆರಳಿನಿಂದಲೇ.

ಲಿಫ್ಟ್ ಕಂಪನಿಯ ಕಚೇರಿ ನಾಲ್ಕನೇ ಮಹಡಿಯಲ್ಲಿತ್ತು, ಆ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಬಂದವರಿಗೆಲ್ಲ ಅವಳು ಹೇಳುತ್ತಿದ್ದುದು ಒಂದೇ ಮಾತು: "ಚಮ್ಮಾರನ ಕಾಲಿಗೆ ಚಪ್ಪಲಿ ಇರಲ್ಲ ಸ್ವಾಮಿ, ಕೂತ್ಕೊಳ್ಳಿ." ದೂರು ಕೋಣೆ ಒಂದು ಕುರ್ಚಿ, ಬಂದವರಿಗೆ ಒಂದು ಬೆಂಚು, ಒಂದು ಮಿಷನ್, ಎರಡು ಫೋನುಗಳ ಕೋಣೆ. ಕಿಟಕಿ ತೆಗೆದರೆ ಹಿಂದಿನ ಬೇಕರಿಯ ಹೊಗೆ ಕೊಳವೆ. ಬ್ರೆಡ್ ಬೇಯುವ ವಾಸನೆ ಬಂದಾಗ ಹಸಿವು, ಸೀದ ವಾಸನೆ ಬಂದಾಗ ಬೇಕರಿಯವನ ಬೈಗುಳ. ಗೋಡೆಯ ಮೇಲೆ ಇಡೀ ಪಟ್ಟಣದ ನಕ್ಷೆ. ಕಂಪನಿಯ ಲಿಫ್ಟ್ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಕೆಂಪು ಗುಂಡುಸೂಜಿ.

ಯಾರಾದರೂ ಲಿಫ್ಟಿನಲ್ಲಿ ಸಿಕ್ಕಿಕೊಂಡರೆ ಒಳಗಿನ ಗುಂಡಿ ಒತ್ತುತ್ತಿದ್ದರು, ಅದು ಇಲ್ಲಿ ಫೋನಾಗಿ ಬಡಿದುಕೊಳ್ಳುತ್ತಿತ್ತು. ಒಬ್ಬ ದೊಡ್ಡ ಮನುಷ್ಯ ಒಮ್ಮೆ ನಡುಗುವ ದನಿಯಲ್ಲಿ, "ಮೇಡಂ, ಇಲ್ಲಿ ಗಾಳಿ ಇನ್ನೆಷ್ಟು ಹೊತ್ತು ಇರುತ್ತೆ?" ಎಂದು ಕೇಳಿದ್ದ.

"ನೀವು ಕೂಗಾಡೋದು ನಿಲ್ಲಿಸಿದ್ರೆ ಸಂಜೆ ತನಕ ಸಾಕಾಗುತ್ತೆ. ನಮ್ಮ ಹುಡುಗ ಆಗ್ಲೇ ಹೊರಟ. ಮನೇಲಿ ಇವತ್ತು ಏನಡಿಗೆ, ಹೇಳಿ ನೋಡೋಣ."

ಆತ ಅಡಿಗೆಯ ಹೆಸರು ಹೇಳಿ ಮುಗಿಸುವಷ್ಟರಲ್ಲಿ ಬಾಗಿಲು ತೆರೆದಿತ್ತು. ಮಾತಾಡುತ್ತಲೇ ಬರೆಯುವುದು ಅವಳ ಕೆಲಸದ ಗುಟ್ಟು. ಬಾಯಿ ಅಲ್ಲಿ, ಕಣ್ಣು ನಕ್ಷೆಯ ಮೇಲೆ, ಬೆರಳು ಕೀಲಿಮಣೆಯ ಮೇಲೆ. ಪರದೆ ನೋಡುತ್ತಲೇ ಇರಲಿಲ್ಲ. ನೋಡುವುದಕ್ಕೆ ಅಲ್ಲೇನೂ ಇರಲೂ ಇಲ್ಲ. ಚಿತ್ರವಿಲ್ಲ, ಬಣ್ಣವಿಲ್ಲ, ಮೌಸ್ ಎಂಬ ಇಲಿ ಹಿಡಿದು ಓಡಾಡಿಸುವುದೂ ಇಲ್ಲ. ಕಪ್ಪು ಪರದೆ, ಅದರಲ್ಲಿ ಮಿಣುಕುವ ಒಂದು ಗೆರೆ. ರಸ್ತೆ ನಂಬರು, ಕಟ್ಟಡದ ನಂಬರು, ಏನು ತೊಂದರೆ ಎಂದು ಒಂದೇ ಸಾಲಿನಲ್ಲಿ ಬರೆದು ಎಂಟರ್ ಹೊಡೆದರೆ, ಆ ರಸ್ತೆಗೆ ಹತ್ತಿರ ಇರುವ ಮೆಕ್ಯಾನಿಕ್‌ನ ಫೋನಿಗೆ ಸಾಲು ಹೋಗಿ ಬೀಳುತ್ತಿತ್ತು.

ಕಂಪನಿಯವರು ಕೊಟ್ಟ ಶಾರ್ಟ್‌ಕಟ್ಟುಗಳೂ ಇದ್ದವು. ಆದರೆ ಅವೆಲ್ಲ ಕಂಟ್ರೋಲ್ ಎಂಬ ಕೀಲಿಯ ಜೊತೆ ಇನ್ನೊಂದನ್ನು ಒತ್ತಬೇಕಾದಂಥವು. ಆ ಕಂಟ್ರೋಲ್ ಕೀಲಿಮಣೆಯ ಎಡಮೂಲೆಯಲ್ಲಿ, ಯಾರ ಜೊತೆಗೂ ಸೇರದ ಮುದುಕಿಯ ಹಾಗೆ ಕೂತಿರುತ್ತದೆ. ಅಲ್ಲಿಗೆ ಹೋಗಬೇಕಾದ್ದು ಕಿರುಬೆರಳು. ಬಲಗಡೆಯೂ ಒಂದು ಕಂಟ್ರೋಲ್ ಇತ್ತು, ಆ ಕೀಲಿಮಣೆಯಲ್ಲಿ ಅದು ಎಂದೋ ಕಿತ್ತುಹೋಗಿತ್ತು. ಅವಳು ಇಡೀ ಕೈ ಎತ್ತಿ, ಮೊಣಕೈ ಹೊರಳಿಸಿ, ಮೂಲೆಗೆ ಹೋಗಿ ಬರಬೇಕು. ಸಂಜೆಗೆ ಭುಜ ಹಿಡಿದುಕೊಳ್ಳುತ್ತಿತ್ತು. ಅದು ತನ್ನ ಹಣೆಬರಹ ಎಂದುಕೊಂಡು ವರ್ಷಗಟ್ಟಲೆ ದುಡಿದಳು.

ಹಣೆಬರಹ ಬದಲಾಯಿಸಬಹುದು ಎಂದು ತೋರಿಸಿಕೊಟ್ಟವಳು ಓರಗಿತ್ತಿ.

ಗಂಡನ ತಮ್ಮನ ಹೆಂಡತಿ. ಒಂದೇ ಮನೆ: ಕೆಳಗೆ ಇವರು, ಮೇಲೆ ಅವರು, ನಡುವೆ ಹೊರಗಡೆಯ ಮೆಟ್ಟಿಲು, ನೀರಿಗೆ ಅಂಗಳದಲ್ಲಿ ಒಂದೇ ನಲ್ಲಿ. ಮೈದುನ ಲಾರಿ ಓಡಿಸುತ್ತಿದ್ದ. ಮನೆಯಲ್ಲಿ ಇದ್ದ ದಿನಕ್ಕಿಂತ ಇಲ್ಲದ ದಿನವೇ ಹೆಚ್ಚು. ಓರಗಿತ್ತಿ ಒಂದಿಷ್ಟು ಕಂಪ್ಯೂಟರು ಕಲಿತು ಬಂದಿದ್ದಳು, ಕಲಿತದ್ದು ಕೈಯಲ್ಲೇ ತುಕ್ಕು ಹಿಡಿಯುತ್ತಿತ್ತು. ಮಧ್ಯಾಹ್ನದ ಪಾಳಿಯ ಕುರ್ಚಿ ಖಾಲಿಯಾದಾಗ ಹೆಬ್ಬೆಟ್ಟಕ್ಕ ಆಗಿನ ಮ್ಯಾನೇಜರ ಮುಂದೆ ನಿಂತು, "ನನ್ನ ತಂಗಿ ಇದ್ದ ಹಾಗೆ ಸಾರ್, ಜವಾಬ್ದಾರಿ ನಂದು," ಎಂದು ಅವಳನ್ನು ಕೂರಿಸಿದಳು. ಫೋನು ಎತ್ತುವುದು ಹೇಗೆ, ಅಳುವವರಿಗೆ ಏನು ಹೇಳಬೇಕು, ಬೈಯುವವರಿಗೆ ಏನು ಹೇಳಬಾರದು, ಎಲ್ಲವನ್ನೂ ಬಾಯಿಗೆ ತುತ್ತಿಟ್ಟ ಹಾಗೆ ಕಲಿಸಿದಳು.

ಕುರ್ಚಿ ಒಂದೇ, ಮಿಷನ್ ಒಂದೇ. ಒಳಗೆ ಹೋಗುವ ಗುಪ್ತಪದವೂ ಇಬ್ಬರಿಗೂ ಒಂದೇ. ಬೆಳಗ್ಗೆ ಅಕ್ಕ ಎದ್ದ ಜಾಗದಲ್ಲಿ ಮಧ್ಯಾಹ್ನ ತಂಗಿ ಕೂರುವುದು. ಒಂದು ದಿನ ಓರಗಿತ್ತಿ ಪಾಳಿಗೆ ಬೇಗ ಬಂದವಳು, ಅಕ್ಕ ಮೊಣಕೈ ಹೊರಳಿಸುವುದನ್ನು ನೋಡುತ್ತಾ ನಿಂತಳು.

"ಅಕ್ಕಾ, ಈ ಕೀಗೆ ಇದೇ ಕೆಲ್ಸ ಅಂತ ಯಾರು ಬರೆದಿಟ್ಟಿದ್ದು?"

"ಕಂಪನಿಯವರು ಕಣೇ."

"ಅವರು ಬರೆದಿದ್ದನ್ನ ನಾವು ಅಳಿಸಿ ಬರೆಯೋಣ. ನಿನ್ನ ಹೆಬ್ಬೆರಳು ಏನ್ ಪಾಪ ಮಾಡಿದೆ? ಸುಮ್ನೆ ಮಲಗಿದೆ ನೋಡು, ಯಜಮಾನರ ಹಾಗೆ."

ಸ್ಪೇಸ್ ಪಟ್ಟಿಯ ಪಕ್ಕದಲ್ಲಿ, ಹೆಬ್ಬೆರಳು ಇಟ್ಟರೆ ಸಿಗುವ ಹಾಗೆ, ಆಲ್ಟ್ ಎಂಬ ಕೀಲಿ ಇದೆ. ಕಂಟ್ರೋಲ್ ಬಿಟ್ಟು ಅದನ್ನು ಹಿಡಿಯೋಣ ಎಂದಳು. ಮೊದಲ ಸಲ ಒತ್ತಿದಾಗ ಪರದೆಯ ಮೇಲೆ ಬಾಲ, ಕೊಂಬು ಇರುವ ಯಾವ ದೇಶದ್ದೋ ಅಕ್ಷರಗಳು ಬಿದ್ದವು. ಹಾಳುಮೂಳು ಬೀಳುತ್ತಿದೆಯಲ್ಲ ಎಂದು ಅಕ್ಕ ಕೈ ಹಿಂದೆಗೆದಳು. ಓರಗಿತ್ತಿ ಬಿಡಲಿಲ್ಲ. ಒಂದು ವಾರ ಅಲ್ಲಿ ಇಲ್ಲಿ ಓದಿ, ಆ ಕಪ್ಪು ಪರದೆಯ ಮೂಲೆಯ ಸೆಟ್ಟಿಂಗ್‌ನಲ್ಲಿ ಒಂದು ಕಡೆ ಟಿಕ್ ಹಾಕಿದರೆ ಆಲ್ಟ್ ಅಕ್ಷರ ಉಗುಳುವುದನ್ನು ಬಿಟ್ಟು ಹೇಳಿದ ಕೆಲಸ ಮಾಡುತ್ತದೆ ಎಂದು ಕಂಡುಹಿಡಿದಳು.

ಟಿಕ್ ಹಾಕಿದ ದಿನ ಇಬ್ಬರೂ ಪರೀಕ್ಷೆ ಮಾಡಿದರು. ನಮ್ಮ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದು, 'ಅಕ್ಕ ತಂಗಿ' ಎಂದು ಬರೆದು, ಹೆಬ್ಬೆರಳಿನ ಕೀಲಿಯ ಜೊತೆ ಟಿ ಒತ್ತಿದರು. ಪರದೆಯ ಮೇಲೆ 'ತಂಗಿ ಅಕ್ಕ' ಆಯಿತು. ಕೊನೆಯ ಎರಡು ಪದ ಅದಲುಬದಲು ಮಾಡುವುದು ಆ ಕೀಲಿಗೆ ಹುಟ್ಟಿನಿಂದ ಬಂದ ಕೆಲಸವಂತೆ.

ಓರಗಿತ್ತಿ ಬಿದ್ದು ಬಿದ್ದು ನಕ್ಕಳು. "ನೋಡಕ್ಕಾ, ಒಂದು ಕೀ ಒತ್ತಿದ್ರೆ ಸಾಕು, ನಾನೇ ದೊಡ್ಡೋಳು."

"ಹಾಗಾದ್ರೆ ನಾಳೆಯಿಂದ ನಲ್ಲಿ ನೀರು ನೀನೇ ಮೊದ್ಲು ಹಿಡಿ, ದೊಡ್ಡೋಳೇ," ಎಂದಳು ಅಕ್ಕ.

ಒಂದೊಂದು ಸಾಲಿಗೆ ಒಂದೊಂದು ಕೀಲಿ, ಅದರ ಮುಂದೆ ಅದರ ಕೆಲಸ. ಹಾಗೆ ಬರೆದಿಡುವ ಒಂದು ಸಣ್ಣ ಫೈಲು ಮಿಷನ್‌ನೊಳಗೆ ಇತ್ತು. ಯಾವ ಅಕ್ಷರಕ್ಕೆ ಯಾವ ಕೆಲಸ ಎಂದು ತೀರ್ಮಾನವಾದದ್ದು ಮಾತ್ರ ಮನೆಯ ಅಡಿಗೆಮನೆಯಲ್ಲಿ, ಬಟಾಣಿ ಬಿಡಿಸುತ್ತಾ. ಟಿ ಎಂದರೆ ತಕ್ಷಣ: 'ತಕ್ಷಣ ಹೊರಡು, ಒಳಗೆ ಜನ ಇದ್ದಾರೆ' ಎಂದು ಸಾಲು ಬೀಳಬೇಕು. ಬಿ ಎಂದರೆ ಬಾಗಿಲು ಮುಚ್ಚುತ್ತಿಲ್ಲ. ಎಲ್ ಎಂದರೆ ಲೈಟು ಹೋಗಿದೆ. ಗಂಡ ಪಕ್ಕದ ಕೋಣೆಯಿಂದಲೇ ಕೂಗಿ ಕೇಳಿದ: "ಏನ್ ನಡೀತಿದೆ ಅಲ್ಲಿ?"

"ಶಾರ್ಟ್‌ಕಟ್ ಮಾಡ್ತಿದ್ದೀವಿ ಭಾವ."

"ಶಾರ್ಟ್‌ಕಟ್ ಅಂದ್ರೆ?"

"ಅಡ್ಡದಾರಿ."

"ಸರಿಹೋಯ್ತು. ಮನೆ ಹೆಂಗಸರಿಬ್ರೂ ಅಡ್ಡದಾರಿ ಹಿಡಿದ್ರು. ಇನ್ನು ನಾನೂ ನನ್ನ ತಮ್ಮನೂ ಸನ್ಯಾಸ ತಗೊಳ್ಳೋದೇ."

ಕೊನೆಯಲ್ಲಿ ಉಳಿದದ್ದು ಯು. ಅದಕ್ಕೆ ಕೆಲಸವೇ ಇರಲಿಲ್ಲ. ಓರಗಿತ್ತಿ ತಾನೇ ಒಂದು ಬರೆದಳು. ಪಾಳಿ ಮುಗಿಸಿ ಏಳುವಾಗ ಮುಂದಿನವರಿಗೆ ಒಂದು ಮಾತು ಬರೆದಿಡುವ ಜಾಗ ಪರದೆಯ ಮೇಲೆ ಇತ್ತಲ್ಲ, ಅಲ್ಲಿ ಯು ಒತ್ತಿದರೆ 'ಅಕ್ಕಾ ಊಟ ಆಯ್ತಾ' ಎಂದು ಬೀಳುವ ಹಾಗೆ ಮಾಡಿದಳು. ದಿನಾ ಸಂಜೆ ಮನೆಗೆ ಬಂದಾಗ ಮೆಟ್ಟಿಲ ಬುಡದಲ್ಲಿ ನಿಂತು ಅವಳು ಕೂಗುತ್ತಿದ್ದ ಮಾತು ಅದು. ಅಕ್ಕ ಬೆಳಗ್ಗೆ ಮಿಷನ್ ತೆರೆದರೆ ಮೊದಲು ಕಾಣುತ್ತಿದ್ದುದೂ ಅದೇ. ಬೆಳಗ್ಗೆ ಎದ್ದು ಬಂದವಳಿಗೆ ಎಂಥ ಊಟ? ಅವಳು ನಗುತ್ತಾ, 'ನಿನ್ನೆ ಆಗಿತ್ತು' ಎಂದು ಹೊಡೆದು ಕೆಲಸಕ್ಕೆ ಕೈ ಹಾಕುತ್ತಿದ್ದಳು. ಯು ಒತ್ತುವ ಪ್ರಸಂಗ ಅವಳಿಗೆ ಬರಲಿಲ್ಲ. ಅದು ತಂಗಿಯ ಕೀಲಿ.

ಭುಜದ ನೋವು ಹೋಯಿತು. ಕೈ ಹಗುರಾಯಿತು. "ಅವಳು ನನಗೆ ಕೈ ಕೊಟ್ಟಳು," ಎಂದು ಹೆಬ್ಬೆಟ್ಟಕ್ಕ ಬಂದವರ ಮುಂದೆಲ್ಲ ಹೇಳಿಕೊಂಡಳು. ಕೈ ಕೊಡುವುದು ಎಂದರೆ ಎರಡು ಅರ್ಥವಿದೆ ಎಂದು ಆಗ ಅವಳಿಗೆ ಹೊಳೆಯಲಿಲ್ಲ.

ವರ್ಷಗಳು ಹೋದವು. ಹಳೆಯ ಮ್ಯಾನೇಜರು ಹೋಗಿ ಹೊಸಬರು ಬಂದರು. ತೆಳ್ಳಗಿನ ಮನುಷ್ಯ, ಯಾರಿಗೂ ದನಿ ಎತ್ತದವರು. ಅವರು ಇಬ್ಬರನ್ನೂ ಒಟ್ಟಿಗೆ ಕರೆದು ಕೂರಿಸಿಕೊಂಡು ವಿಷಯ ಹೇಳಿದರು: ಇನ್ನು ಮೇಲೆ ಮಧ್ಯಾಹ್ನದ ಫೋನುಗಳನ್ನು ದೊಡ್ಡ ಕಚೇರಿಯವರೇ ನೋಡಿಕೊಳ್ಳುತ್ತಾರೆ. ಇಲ್ಲಿ ಉಳಿಯುವುದು ಬೆಳಗಿನ ಪಾಳಿ ಒಂದೇ. ಅಂದರೆ ಇಬ್ಬರಲ್ಲಿ ಒಬ್ಬರು.

"ನೀವು ಹಳಬರು, ಅವರು ಚಿಕ್ಕವರು. ನಾನು ಯಾರ ಕಡೆಗೂ ಮಾತಾಡಲ್ಲ. ಒಂದೊಂದು ಪಾಳಿ ಹಿಂದೆ ಕೂತು ನೋಡ್ತೀನಿ. ಯಾರ ಕೈ ಚುರುಕೋ ಅವರು," ಎಂದರು.

ಇಬ್ಬರೂ ಮೆಟ್ಟಿಲು ಇಳಿದರು. ಬೀದಿಗೆ ಬಂದ ಮೇಲೆ ಓರಗಿತ್ತಿಯೇ ಅಕ್ಕನ ತೋಳು ಹಿಡಿದುಕೊಂಡಳು.

"ನಿನ್ನ ಮುಂದೆ ನಾನ್ಯಾವ ಲೆಕ್ಕ ಅಕ್ಕಾ. ಸುಮ್ನೆ ಶಾಸ್ತ್ರಕ್ಕೆ ಕೂತು ಎದ್ದು ಬರ್ತೀನಿ."

"ಹಾಗನ್ಬೇಡ ಕಣೇ, ಚೆನ್ನಾಗೇ ಮಾಡು. ಯಾರಿಗೆ ಬಂದ್ರೂ ಒಂದೇ ಮನೆಗೆ ಬರೋದಲ್ವಾ."

ಹೆಬ್ಬೆಟ್ಟಕ್ಕ ಬಾಯಲ್ಲಿ ಹಾಗೆ ಹೇಳಿದಳು. ಹೊಟ್ಟೆಯಲ್ಲಿ ಇದ್ದದ್ದು ಬೇರೆ. ಈ ಕುರ್ಚಿ ಹೋದರೆ ಇನ್ನೊಂದು ಕುರ್ಚಿ ಇಲ್ಲ. ಮಡಚದ ಬೆರಳು, ನರೆತ ತಲೆ. ಹೊಸ ಜಾಗದಲ್ಲಿ ಯಾರು ಕೂರಿಸಿಕೊಳ್ಳುತ್ತಾರೆ? ಓರಗಿತ್ತಿ ಕೇಳಿದ್ದರೆ ಬಿಟ್ಟುಕೊಡುತ್ತಿದ್ದಳೇ? ಇಲ್ಲ, ಸುಳ್ಳೇಕೆ ಹೇಳಬೇಕು, ಬಿಟ್ಟುಕೊಡುತ್ತಿರಲಿಲ್ಲ. ಆದರೆ ಎದುರುಬದುರು ನಿಂತು ಸೋತಿದ್ದರೆ ಸೋತೆ ಎಂದು ಒಪ್ಪಿಕೊಂಡು ಅದೇ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದಳು.

ಮ್ಯಾನೇಜರು ಮೊದಲು ಮಧ್ಯಾಹ್ನದ ಪಾಳಿಯಲ್ಲಿ ಕೂತರು. ಓರಗಿತ್ತಿ ಚೆನ್ನಾಗಿಯೇ ಮಾಡಿದಳಂತೆ. ಮರುದಿನ ಬೆಳಗ್ಗೆ ಹೆಬ್ಬೆಟ್ಟಕ್ಕನ ಸರದಿ.

ಅವಳು ಅಂದು ಬೇಗ ಹೋಗಿ, ಹಳೆಯ ಲಂಗದ ಬಟ್ಟೆಯಲ್ಲಿ ತಾನೇ ಹೊಲಿದ ಮೆತ್ತೆಯನ್ನು ಕೊಡವಿ ಕುರ್ಚಿಗೆ ಹಾಕಿ ಕೂತಳು. ಮಿಷನ್ ತೆರೆದಾಗ 'ಅಕ್ಕಾ ಊಟ ಆಯ್ತಾ' ಇರಲಿಲ್ಲ. ಮ್ಯಾನೇಜರು ಇದ್ದರಲ್ಲ, ಸಂಕೋಚಪಟ್ಟಿರಬೇಕು ಎಂದುಕೊಂಡಳು. ಹಿಂದೆ ಮ್ಯಾನೇಜರು ತಮ್ಮ ಕೋಣೆಯಿಂದ ತಂದ ಕುರ್ಚಿ ಎಳೆದ ಸದ್ದು. ಫೋನು ಬಡಿದುಕೊಂಡಿತು.

ಬಟ್ಟೆ ಅಂಗಡಿಯ ಲಿಫ್ಟು. ಎರಡು ಮಹಡಿಗಳ ನಡುವೆ ಒಬ್ಬ ಹೆಂಗಸು, ಕಂಕುಳಲ್ಲಿ ಮಗು. ಮಗು ಅಳುವುದು ಫೋನಿನಲ್ಲಿ ಗುಂಯ್‌ಗುಡುತ್ತಿತ್ತು. "ಹೆದರ್ಬೇಡಮ್ಮ, ನಾನಿದ್ದೀನಿ. ಯಾವ ರಸ್ತೆ, ಎಷ್ಟನೇ ನಂಬರು?" ಹದಿನಾಲ್ಕನೇ ರಸ್ತೆ, ಇಪ್ಪತ್ತೆರಡನೇ ನಂಬರು. ಹೊಡೆದಳು. ಕಣ್ಣು ನಕ್ಷೆಯ ಗುಂಡುಸೂಜಿಯ ಮೇಲೆ. ಹೆಬ್ಬೆರಳು ಕೂತಿತು, ಟಿ ಒತ್ತಿದಳು, ಎಂಟರ್ ಹೊಡೆದಳು. "ಹೊರಟ ಅಮ್ಮ, ಈಗ ಬಂದ. ಮಗೂಗೆ ಹಾಲು ಆಯ್ತಾ?"

ಹೆಂಗಸು ಮಾತಾಡಿದಳು, ಅತ್ತಳು, ಮತ್ತೆ ಮಾತಾಡಿದಳು. ಯಾರೂ ಬರಲಿಲ್ಲ. ಇನ್ನೊಂದು ಫೋನು ಬಡಿದುಕೊಂಡಿತು. ಉದ್ದಣ್ಣ.

"ಅಕ್ಕಾ, ಇದೇನ್ ಅಡ್ರೆಸ್ಸು? ಇಪ್ಪತ್ತೆರಡನೇ ರಸ್ತೆ, ಹದಿನಾಲ್ಕನೇ ನಂಬರು ಅಂತ ಕಳಿಸಿದ್ದೀಯ. ಇದು ಕೋಳಿ ಅಂಗಡಿ ಕಣಕ್ಕಾ. ಒಂದೇ ಮಹಡಿ. ಲಿಫ್ಟ್ ಹಾಕಿದ್ರೂ ಎಲ್ಲಿಗೆ ಹೋಗ್ಬೇಕು ಅದು?"

ಆಗ ಅವಳು ಪರದೆ ನೋಡಿದಳು. ರಸ್ತೆ ಹಿಂದೆ, ನಂಬರು ಮುಂದೆ. 'ತಕ್ಷಣ' ಇಲ್ಲ, 'ಒಳಗೆ ಜನ ಇದ್ದಾರೆ' ಇಲ್ಲ. ಟಿ ಒತ್ತಿದ್ದಕ್ಕೆ ಆದದ್ದು ಅದಲುಬದಲು ಮಾತ್ರ. ಆತುರವಿಲ್ಲ ಎಂದುಕೊಂಡ ಉದ್ದಣ್ಣ ಟೀ ಮುಗಿಸಿಯೇ ಹೊರಟಿದ್ದನಂತೆ.

"ಉದ್ದಣ್ಣ, ಬೇಗ ಬಟ್ಟೆ ಅಂಗಡಿಗೆ ಹೋಗು, ಹದಿನಾಲ್ಕನೇ ರಸ್ತೆಗೆ, ಮಗು ಇದೆ ಒಳಗೆ," ಎಂದು ಬಾಯಲ್ಲೇ ಹೇಳಿದಳು. ಬಿ ಒತ್ತಿದಳು; ಗೆರೆ ಹಿಂದಕ್ಕೆ ಹೋಯಿತು. ಎಲ್ ಒತ್ತಿದಳು, ಏನೂ ಬೀಳಲಿಲ್ಲ. ಕೈಯನ್ನು ಹಳೆಯ ಅಭ್ಯಾಸಕ್ಕೆ ತಿರುಗಿಸಿ ಮೂಲೆಯ ಕಂಟ್ರೋಲ್ ಹುಡುಕಿದಳು. ನೆಟ್ಟಗಿನ ಬೆರಳು ಪಕ್ಕದ ಕೀಲಿಗೆ ಬಡಿಯಿತು. ಬರೆದದ್ದು ಅಳಿಸಿತು. ಮತ್ತೆ ಬರೆದಳು. ಬೆರಳುಗಳು ಕತ್ತಲೆಯಲ್ಲಿ ಮನೆ ಬದಲಾಯಿಸಿದವರ ಹಾಗೆ ಗೋಡೆಗೆ ಗೋಡೆಗೆ ಡಿಕ್ಕಿ ಹೊಡೆದವು.

"ಕಂಪನಿ ಕೀಗಳು ಬರಲ್ವಾ ಮೇಡಂ?" ಹಿಂದಿನಿಂದ ಮ್ಯಾನೇಜರು ಮೆಲ್ಲಗೆ ಕೇಳಿದರು.

"ಕೀ ಬರುತ್ತೆ ಸಾರ್. ಬೆರಳು ಬರಲ್ಲ."

ಅವಳು ಎಲ್ಲ ಹೇಳಿದಳು. ನಾವು ಬದಲಾಯಿಸಿಕೊಂಡಿದ್ದೆವು, ಈಗ ಅದೆಲ್ಲ ಹೋಗಿದೆ, ನಿನ್ನೆ ಬೆಳಗ್ಗೆ ಇತ್ತು ಎಂದಳು. ಅವರು ತಲೆಯಾಡಿಸಿ ಕೇಳಿಸಿಕೊಂಡರು. "ನಾಳೆ ಮಿಷನ್ನೇ ಬದಲಾದ್ರೆ ಏನ್ ಮಾಡ್ತೀರಿ?" ಎಂದರು. ಬಟ್ಟೆ ಅಂಗಡಿಯವರು ಅಷ್ಟರಲ್ಲಿ ದೊಡ್ಡ ಕಚೇರಿಗೇ ಫೋನು ಮಾಡಿ ಕೂಗಾಡಿದ್ದರು. ಮಗು ಹೊರಗೆ ಬಂದಾಗ ಅತ್ತು ಅತ್ತು ನೀಲಿಗಟ್ಟಿತ್ತು ಎಂದು ಉದ್ದಣ್ಣ ಹೇಳಿದ. ಆ ಮಾತು ಅವಳಿಗೆ ಕುರ್ಚಿಗಿಂತ ಹೆಚ್ಚು ಚುಚ್ಚಿತು.

ಮಧ್ಯಾಹ್ನ ಪಾಳಿಗೆ ಬಂದ ಓರಗಿತ್ತಿ ಬಾಗಿಲಲ್ಲೇ ಅವಳ ಮುಖ ನೋಡಿ ನಿಂತಳು. ಅಕ್ಕ ನಡೆದದ್ದನ್ನು ಹೇಳಿದಳು.

"ಅಪ್‌ಡೇಟ್ ಬಂದಿರ್ಬೇಕು ಅಕ್ಕಾ," ಎಂದಳು ಅವಳು. "ಅದು ಬಂದ್ರೆ ಹೀಗೇ. ನಾವು ಬರ್ಕೊಂಡಿದ್ದೆಲ್ಲ ಒರೆಸಿ ಹಾಕ್ಬಿಡುತ್ತೆ. ಹಾಳು ಮಿಷನ್ನು, ಇವತ್ತೇ ಬರ್ಬೇಕಿತ್ತಾ." ಹೇಳುತ್ತಾ ಅಕ್ಕನ ಬೆನ್ನು ಸವರಿದಳು. ಕಣ್ಣಲ್ಲಿ ನೀರೂ ಬಂತು. ಬಂದದ್ದು ನಿಜವಾದ ನೀರೇ ಇರಬೇಕು, ಅದಕ್ಕೆ ಅಕ್ಕ ನಂಬಿದಳು. ತಿರುಗಿ ತಾನೇ ಅವಳಿಗೆ ಸಮಾಧಾನ ಹೇಳಿದಳು.

ಕುರ್ಚಿ ಓರಗಿತ್ತಿಯದಾಯಿತು. ತಿಂಗಳ ಕೊನೆಯವರೆಗೆ ಹೆಬ್ಬೆಟ್ಟಕ್ಕ ಕಂಪನಿಯ ಕೀಲಿಗಳಲ್ಲೇ, ಮೊಣಕೈ ಹೊರಳಿಸುತ್ತಾ ದುಡಿದಳು. ಹಳೆಯ ಸಾಲುಗಳನ್ನು ಮತ್ತೆ ಬರೆಯಬಹುದಿತ್ತು, ಆದರೆ ಯಾವ ಸಂತೋಷಕ್ಕೆ? ಭುಜ ಮತ್ತೆ ಹಿಡಿದುಕೊಂಡಿತು. ಬೆಳಗ್ಗೆ ತೆರೆದಾಗ ಊಟದ ಸಾಲು ಕಾಣುತ್ತಿರಲಿಲ್ಲ. ಆ ಕೀಲಿಯೂ ಎಲ್ಲದರ ಜೊತೆ ಹೋಗಿರಬೇಕು, ಪಾಪ ಅವಳಿಗೂ ಬೇಜಾರಾಗಿರಬೇಕು ಎಂದುಕೊಂಡಳು.

ಗಂಡನೊಬ್ಬ ಮಾತ್ರ ಒಂದು ದಿನ ಗಡಿಯಾರದ ಮುಳ್ಳು ತಿಕ್ಕುತ್ತಾ ಕೂತವನು, "ಗಡಿಯಾರ ತಾನಾಗೇ ಕೆಟ್ರೆ ಪೂರ್ತಿ ಕೆಡುತ್ತೆ. ಯಾರಾದ್ರೂ ಕೈ ಹಾಕಿದ್ರೆ ಅಲ್ಲೊಂದು ಇಲ್ಲೊಂದು ಗುರುತು ಇರುತ್ತೆ," ಎಂದ. ಏನು ಹೇಳುತ್ತಿದ್ದೀರಿ ಎಂದು ಅವಳು ಗದರಿದಳು. ಅವನು ಮತ್ತೆ ಮುಳ್ಳು ತಿಕ್ಕತೊಡಗಿದ.

ಕೊನೆಯ ದಿನ ಬಂತು. ಮಧ್ಯಾಹ್ನದ ಹೊತ್ತಿಗೆ ಅವಳು ತನ್ನ ಸಾಮಾನು ಜೋಡಿಸಿಕೊಂಡಳು: ಮೆತ್ತೆ, ಹಿಡಿ ಮುರಿದ ಲೋಟ, ಕುರ್ಚಿಯ ಬೆನ್ನಿಗೆ ಹಾಕುತ್ತಿದ್ದ ಸ್ವೆಟರ್. ಬೇಕರಿಯಿಂದ ಬ್ರೆಡ್ಡಿನ ವಾಸನೆ ಬರುತ್ತಿತ್ತು. ಓರಗಿತ್ತಿ ಇನ್ನೂ ಮೆಟ್ಟಿಲು ಹತ್ತಿ ಬಂದಿರಲಿಲ್ಲ. ಹೋಗುವ ಮೊದಲು ಅವಳಿಗೆ ಒಂದು ಮಾತು ಬರೆದಿಟ್ಟು ಹೋಗೋಣ ಎನಿಸಿತು. ಬೇರೇನು ಬರೆಯುವುದು? ಅವಳ ಮಾತನ್ನೇ ಅವಳಿಗೆ ಒಪ್ಪಿಸೋಣ, 'ಊಟ ಆಯ್ತಾ' ಎಂದು. ಕೀಲಿ ಹೋಗಿದೆಯಲ್ಲ, ಒಂದೊಂದೇ ಅಕ್ಷರ ಹೊಡೆಯೋಣ ಎಂದುಕೊಂಡು ಯು ಮೇಲೆ ಬೆರಳಿಟ್ಟಳು. ಆದರೆ ಹೆಬ್ಬೆರಳು ಮನಸ್ಸಿನ ಮಾತು ಕೇಳುವುದೇ? ಅದು ತನ್ನ ಪಾಡಿಗೆ ತನ್ನ ಜಾಗದಲ್ಲಿ ಹೋಗಿ ಕೂತಿತು.

ಪರದೆಯ ಮೇಲೆ ಇಡೀ ಸಾಲು ಬಿತ್ತು: 'ಅಕ್ಕಾ ಊಟ ಆಯ್ತಾ.'

ಅವಳಿಗೆ ಮೊದಲು ಖುಷಿಯೇ ಆಯಿತು. ಎಲ್ಲ ಮರಳಿ ಬಂತೇ ಎಂದು ಟಿ ಒತ್ತಿ ನೋಡಿದಳು. ಇಲ್ಲ. ಬಿ ಒತ್ತಿದಳು. ಇಲ್ಲ. ಎಲ್ ಕೂಡ ಇಲ್ಲ. ಹೊಸ ಸಾಲಿನಲ್ಲಿ 'ಅಕ್ಕ ತಂಗಿ' ಎಂದು ಬರೆದು ಟಿ ಒತ್ತಿದಳು. 'ತಂಗಿ ಅಕ್ಕ' ಆಯಿತು. ಮತ್ತೆ ಯು ಒತ್ತಿದಳು. ಅಕ್ಕಾ ಊಟ ಆಯ್ತಾ.

ಲೋಟ ಕೈಯಲ್ಲೇ ಇತ್ತು. ಅದನ್ನು ಮೇಜಿನ ಮೇಲಿಟ್ಟು ಕೂತಳು.

ಅಪ್‌ಡೇಟ್ ಬಂದು ಒರೆಸಿದ್ದರೆ ಎಲ್ಲವನ್ನೂ ಒರೆಸುತ್ತಿತ್ತು. ಮಿಷನ್‌ಗೆ ಅಕ್ಕ ಯಾರು, ತಂಗಿ ಯಾರು, ಊಟ ಎಂದರೇನು? ಒಂದು ಸಾಲಿಗೆ ಬಂದಾಗ ಕೈ ತಡೆದು, ಇದೊಂದು ಇರಲಿ ಎಂದು ಬಿಡಬೇಕಾದರೆ ಅದು ಮನುಷ್ಯರ ಕೈ. ಒಂದೊಂದೇ ಸಾಲನ್ನು ನೋಡಿ ನೋಡಿ ಅಳಿಸಿದ ಕೈ. ತನ್ನ ಸರದಿಯ ಹಿಂದಿನ ಸಂಜೆ ಮ್ಯಾನೇಜರು ಎದ್ದು ಹೋದ ಮೇಲೆ, ಇದೇ ಕುರ್ಚಿಯಲ್ಲಿ, ಇದೇ ಮೆತ್ತೆಯ ಮೇಲೆ ಕೂತು ಅಳಿಸಿದ ಕೈ. ಟಿ ಅಳಿಸಿದರೆ ಏನಾಗುತ್ತದೆ ಎಂದು ಓರಗಿತ್ತಿಗೆ ಗೊತ್ತಿತ್ತು. ನಕ್ಕಿದ್ದಳಲ್ಲ, ಬಿದ್ದು ಬಿದ್ದು.

ಎಲ್ಲವನ್ನೂ ಅಳಿಸಿದ್ದರೆ ಹೆಬ್ಬೆಟ್ಟಕ್ಕ ಸಾಯುವತನಕ ಮಿಷನ್ನನ್ನೇ ಬೈದುಕೊಂಡು ನೆಮ್ಮದಿಯಾಗಿ ಇರುತ್ತಿದ್ದಳು. ಓರಗಿತ್ತಿಗೆ ದ್ವೇಷ ಇದ್ದಿದ್ದರೆ ತಿರುಗಿ ದ್ವೇಷಿಸಬಹುದಿತ್ತು. ಕುರ್ಚಿಯನ್ನು ಕಿತ್ತುಕೊಂಡವಳು ಊಟ ಆಯ್ತಾ ಎಂಬುದನ್ನು ಮಾತ್ರ ಉಳಿಸಿದ್ದಳು. ಅಂದರೆ ಆ ಮಾತೂ ನಿಜ, ಈ ಮೋಸವೂ ನಿಜ. ಎರಡೂ ಒಂದೇ ಕೈಯ ಕೆಲಸ. ಆ ಲೆಕ್ಕ ಅಲ್ಲೇ ಸಿಕ್ಕಿಕೊಂಡಿತು, ಎರಡು ಮಹಡಿಗಳ ನಡುವೆ ನಿಂತ ಲಿಫ್ಟಿನ ಹಾಗೆ. ಮೇಲಕ್ಕೂ ಬರಲಿಲ್ಲ, ಕೆಳಕ್ಕೂ ಇಳಿಯಲಿಲ್ಲ.

ಅವಳು ಆ ಸಣ್ಣ ಫೈಲನ್ನು ತೆರೆದಳು. ಬೋಳು ಅಂಗಳದಲ್ಲಿ ಮರೆತುಹೋದ ಪಾತ್ರೆಯ ಹಾಗೆ ಒಂದೇ ಒಂದು ಸಾಲು ಅಲ್ಲಿತ್ತು. ಸಾಲು ಪೂರ್ತಿ ಅಳಿಸಲು ಕಂಪನಿಯ ಕೀಲಿ ಬೇಕು. ಬಲಗೈಯಿಂದ ಎಡಗೈ ಕಿರುಬೆರಳನ್ನು ಹಿಡಿದು, ಮೂಲೆಯ ಕಂಟ್ರೋಲ್ ಮೇಲೆ ಒಯ್ದು ಒತ್ತಿ ಇಟ್ಟು, ಇನ್ನೊಂದು ಬೆರಳಿನಿಂದ ಜೊತೆಯ ಕೀಲಿ ಹೊಡೆದಳು. ಸಾಲು ಹೋಯಿತು. ಉಳಿಸಿ ಮುಚ್ಚಿದಳು. ಪರದೆಯ ಮೇಲೆ ಏನೂ ಬರೆದಿಡಲಿಲ್ಲ.

ಮೆಟ್ಟಿಲಲ್ಲಿ ಓರಗಿತ್ತಿ ಎದುರಾದಳು. ಮೂರನೇ ಮಹಡಿಯ ತಿರುವಿನಲ್ಲಿ ಏದುಸಿರು ಬಿಡುತ್ತಾ, "ಹೊರಟೇಬಿಟ್ಯಾ ಅಕ್ಕಾ? ಕೊಡು, ಬೀದಿ ತನಕ ನಾನು ತರ್ತೀನಿ," ಎಂದು ಮೆತ್ತೆಗೆ ಕೈ ಚಾಚಿದಳು.

"ಬೇಡ. ಹಗುರವಾಗೇ ಇದೆ," ಎಂದು ಅಕ್ಕ ಗೋಡೆಯ ಬದಿಗೆ ಸರಿದು ದಾರಿ ಬಿಟ್ಟಳು.

ಅಂದು ಸಂಜೆ ಅವಳು ಬಾಗಿಲ ಬಳಿ ಕೂತು ಬಟಾಣಿ ಬಿಡಿಸುತ್ತಿದ್ದಳು. ಗಂಡ ಒಳಗೆ ಯಾವುದೋ ಗಡಿಯಾರದ ಹೊಟ್ಟೆ ಬಿಚ್ಚಿ ಕೂತಿದ್ದ. ಬೀದಿಯ ಗೇಟು ಕಿರುಗುಟ್ಟಿತು. ಪರಿಚಯದ ಹೆಜ್ಜೆ ಅಂಗಳ ದಾಟಿತು, ನಲ್ಲಿ ದಾಟಿತು, ಮೆಟ್ಟಿಲ ಬುಡಕ್ಕೆ ಬಂದು ನಿಂತಿತು. ಪ್ರತಿ ಸಂಜೆ ಅಲ್ಲಿ ನಿಂತು ಕೇಳುವ ಮಾತಿಗೆ ಹೆಬ್ಬೆಟ್ಟಕ್ಕ ಕಿವಿಗೊಟ್ಟಳು. ಮಾತು ಬರಲಿಲ್ಲ. ಪಾಳಿ ಮುಗಿಸಿ ಏಳುವಾಗ ಯಾಕೋ ಅವಳೂ ಯು ಒತ್ತಿ ನೋಡಿರಬೇಕು, ಸಾಲು ಬೀಳದ್ದು ಕಂಡಿರಬೇಕು.

"ಊಟ ಇನ್ನೂ ಆಗಿಲ್ಲ," ಎಂದಳು ಅಕ್ಕ, ತಲೆ ಎತ್ತದೆ. "ಕೇಳಲ್ವಲ್ಲ ನೀನು, ನಾನೇ ಹೇಳ್ಬಿಟ್ಟೆ."

ಓರಗಿತ್ತಿ ಮೆಟ್ಟಿಲ ಕಂಬಿ ಹಿಡಿದುಕೊಂಡಳು. ಚೀಲ ಭುಜದಿಂದ ಜಾರಿ ಮೊಣಕೈಗೆ ಬಂತು, ಎತ್ತಿಕೊಳ್ಳಲಿಲ್ಲ.

"ಅಕ್ಕಾ, ನಮ್ಮವರು ಲಾರಿ ಕೆಲ್ಸಾನೇ ಬಿಟ್ಟು ಬಂದಿದ್ದಾರೆ. ನಿನಗೆ ಹೇಳಿರ್ಲಿಲ್ಲ. ನನಗೆ ಬೇರೆ ದಾರಿ ಇರ್ಲಿಲ್ಲ."

"ದಾರಿ ಇತ್ತಲ್ಲ. ಅಡ್ಡದಾರಿ."

"ಎಲ್ಲಾನೂ ಅಳಿಸೋಕೆ ಕೈ ಬರ್ಲಿಲ್ಲ. ಅದೊಂದನ್ನ ಉಳಿಸಿದ್ದೆ ಅಕ್ಕಾ."

"ಗೊತ್ತು." ಹೆಬ್ಬೆಟ್ಟಕ್ಕ ಒಂದು ಕಾಯಿಯ ಹೊಟ್ಟೆಗೆ ಹೆಬ್ಬೆರಳು ಒತ್ತಿ ಸೀಳಿದಳು, ಕಾಳುಗಳು ತಟ್ಟೆಗೆ ಉದುರಿದವು. "ಅದನ್ನೇ ಮೊದ್ಲು ಅಳಿಸಬೇಕಿತ್ತು ನೀನು."

ಓರಗಿತ್ತಿ ಜಾರಿದ ಚೀಲ ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಮೇಲೆ ಬಾಗಿಲು ತೆರೆದ ಸದ್ದು, ಮುಚ್ಚಿದ ಸದ್ದು. ಒಳಗಿನಿಂದ ಗಂಡ, "ಯಾರದು, ಅವಳಾ? ಇವತ್ತೇನು ಏನೂ ಕೇಳದೇ ಹೋದ್ಲು?" ಎಂದ.

"ಕೇಳೋ ಕೀ ಕೆಟ್ಟಿದೆ ರೀ," ಎಂದಳು ಅವಳು. ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಈಗಲೂ ಅವರು ಅದೇ ಮನೆಯಲ್ಲಿದ್ದಾರೆ. ನಲ್ಲಿ ಒಂದೇ. ನೀರು ಬಂದಾಗ ಒಬ್ಬಳು ಕೊಡ ತುಂಬಿಸಿ ಒಳಗೆ ಹೋದ ಮೇಲೆ ಇನ್ನೊಬ್ಬಳು ಹೊರಗೆ ಬರುತ್ತಾಳೆ. ಯಾರು ಮೊದಲು ಎಂದು ಯಾರೂ ಗೊತ್ತುಮಾಡಿಲ್ಲ, ಹಾಗೇ ನಡೆದುಕೊಂಡು ಹೋಗುತ್ತಿದೆ. ಹೆಬ್ಬೆಟ್ಟಕ್ಕ ಗಂಡನ ಅಂಗಡಿಯಲ್ಲಿ ಕೂತು ಗಿರಾಕಿಗಳ ಜೊತೆ ಮಾತಾಡುತ್ತಾಳೆ. ಅವಳ ಮಾತಿಗೆ ಬರುವವರೇ ಗಡಿಯಾರಕ್ಕೆ ಬರುವವರಿಗಿಂತ ಹೆಚ್ಚು. ಉದ್ದಣ್ಣ ಆಗೀಗ ಬಗ್ಗಿಕೊಂಡು ಒಳಗೆ ಬಂದು ಹೋಗುತ್ತಾನೆ, ದೂರು ಕೋಣೆಯ ಸುದ್ದಿ ಹೇಳಲು ಬಾಯಿ ತೆರೆಯುತ್ತಾನೆ. ಅವಳು ಬೇರೆ ಮಾತು ತೆಗೆಯುತ್ತಾಳೆ. ಮಾತಾಡುತ್ತಾ ಕೂತಾಗ ಅವಳ ಎಡಗೈ ಗಾಜಿನ ಮೇಜಿನ ಮೇಲೆ ಇರುತ್ತದೆ. ಅಲ್ಲಿ ಕೀಲಿ ಇಲ್ಲ, ಪರದೆ ಇಲ್ಲ. ಆದರೂ ಹೆಬ್ಬೆರಳು ಆಗಾಗ ಕೂತು ಏಳುತ್ತದೆ.